ಮನೆಯಲ್ಲಿ ಮಾಡಿದ ಸಾಬೂನಿಗೆ ಆನ್‌ಲೈನ್ ಅಂಗಡಿ: ನಾಲ್ಕು ಕಡೆ ಮಾರಿ ನೋಡಿದ ಮೇಲೆ

ಬಿಸಿ ಮಾಡದೆ ತಯಾರಿಸುವ ಸಾಬೂನು ಹದಕ್ಕೆ ಬರಲು 4ರಿಂದ 6 ವಾರ ಹಿಡಿಯುತ್ತದೆ. ಆದ್ದರಿಂದ ನನ್ನ ಬಳಿ ಮಾರಾಟಕ್ಕೆ ಸಿದ್ಧವಿರುವ ಸರಕು ಯಾವಾಗಲೂ ಕಡಿಮೆ, ಆರ್ಡರುಗಳೂ ಸಣ್ಣವು. ಇಂಥ ವ್ಯಾಪಾರಕ್ಕೆ ಅಂಗಡಿಯ ತಿಂಗಳ ಬಾಡಿಗೆಯಷ್ಟೇ ಪ್ರತಿ ಆರ್ಡರಿನಲ್ಲಿ ಎಷ್ಟು ಕಡಿತವಾಗುತ್ತದೆ ಎಂಬುದೂ ಮುಖ್ಯ ಎನ್ನುವುದು, ಎಟ್ಸಿ, ಬಿಗ್ ಕಾರ್ಟೆಲ್, ಶಾಪಿಫೈ ಮತ್ತು ವೂಕಾಮರ್ಸ್ ಎಂಬ ನಾಲ್ಕು ಆನ್‌ಲೈನ್ ಮಾರಾಟ ವ್ಯವಸ್ಥೆಗಳಲ್ಲೂ ಮಾರಿ ಲೆಕ್ಕ ಬರೆದಿಟ್ಟ ಮೇಲೆ ನನಗೆ ಮನದಟ್ಟಾಯಿತು.

ಎಟ್ಸಿಯಲ್ಲಿ ತಿಂಗಳ ಬಾಡಿಗೆ ಕಟ್ಟದೆಯೇ ಅಂಗಡಿ ತೆರೆಯಬಹುದು. ಕೈಯಿಂದ ಮಾಡಿದ ವಸ್ತುಗಳನ್ನೇ ಹುಡುಕುವ ಜನ ಅಲ್ಲಿ ಮೊದಲೇ ಇರುವುದರಿಂದ, ಹೆಸರಿಲ್ಲದ ಹೊಸಬರಿಗೂ ಗಿರಾಕಿ ಸಿಗುತ್ತಾರೆ. ಆದರೆ ಪ್ರತಿ ವಸ್ತುವನ್ನು ಪಟ್ಟಿಗೆ ಸೇರಿಸಲು ಸಣ್ಣ ಶುಲ್ಕವಿದ್ದು, 4 ತಿಂಗಳಿಗೊಮ್ಮೆ ಅದನ್ನು ಮತ್ತೆ ಕಟ್ಟಬೇಕು. 2022ರ ಏಪ್ರಿಲ್‌ನಲ್ಲಿ ಶೇ. 5ರಿಂದ ಶೇ. 6.5ಕ್ಕೆ ಏರಿದ ಕಮಿಷನ್ ಸಾಗಣೆ ವೆಚ್ಚಕ್ಕೂ ಅನ್ವಯಿಸುತ್ತದೆ. ಸಾಬೂನಿನ ಬೆಲೆ 100, ಸಾಗಣೆ 20 ಎಂದಿಟ್ಟುಕೊಂಡರೆ ಕಮಿಷನ್ 6.5 ಅಲ್ಲ, 7.8; ಹಣ ಪಾವತಿಯ ಶುಲ್ಕ ಇದಕ್ಕೆ ಹೊರತು. ಸಾಬೂನಿನಂತೆ ಬೆಲೆಗೆ ಹೋಲಿಸಿದರೆ ತೂಕ ಹೆಚ್ಚಿರುವ ಸರಕಿಗೆ ಈ ವ್ಯತ್ಯಾಸ ಸಣ್ಣದಲ್ಲ. ಅಲ್ಲಿ ಕೊಂಡವರ ವಿಳಾಸಗಳಿಗೆ ಅವರ ಒಪ್ಪಿಗೆಯಿಲ್ಲದೆ ನಾವು ಪ್ರಚಾರದ ಪತ್ರ ಕಳಿಸುವಂತಿಲ್ಲ. ನಿಯಮ ನ್ಯಾಯವಾದದ್ದೇ, ಆದರೆ ಮತ್ತೆ ಮತ್ತೆ ಕೊಳ್ಳುವವರನ್ನು ನಂಬಿದ ವ್ಯಾಪಾರ ಅದನ್ನು ಮೊದಲೇ ತಿಳಿದಿರಬೇಕು.

ಬಿಗ್ ಕಾರ್ಟೆಲ್‌ನ ಉಚಿತ ಯೋಜನೆಯಲ್ಲಿ 5 ವಸ್ತುಗಳನ್ನು ಇಡಬಹುದು, ಮಾರಾಟದ ಮೇಲೆ ಅವರ ಕಮಿಷನ್ ಇಲ್ಲ. ನಾಲ್ಕೈದು ಬಗೆ ಮಾತ್ರ ಮಾಡುವವರಿಗೆ ಅಷ್ಟು ಸಾಕು.

ತಿಂಗಳ ಬಾಡಿಗೆಗೆ ಸಿದ್ಧ ಅಂಗಡಿ ಕೊಡುವ ಶಾಪಿಫೈನಲ್ಲಿ ಒಂದು ಮಧ್ಯಾಹ್ನದೊಳಗೆ ನನ್ನ ಅಂಗಡಿ ಸಿದ್ಧವಾಯಿತು. ಪ್ರತಿ ಸಾಬೂನಿನ ತೂಕವನ್ನು ಒಮ್ಮೆ ನಮೂದಿಸಿದರೆ ಸಾಗಣೆಯ ದರ ತಾನಾಗಿ ಲೆಕ್ಕವಾಗುತ್ತದೆ, ದಾಸ್ತಾನು ಸೊನ್ನೆಗೆ ಇಳಿದ ತಕ್ಷಣ ‘ಮುಗಿದಿದೆ’ ಎಂದು ತೋರಿಸುತ್ತದೆ. ಅವರ ಸ್ವಂತ ಪಾವತಿ ವ್ಯವಸ್ಥೆಯನ್ನು ಬಿಟ್ಟು ಬೇರೆಯದನ್ನು ಬಳಸಿದರೆ ಹೆಚ್ಚುವರಿ ಕಡಿತವಿರುತ್ತದೆ. ಆ ವ್ಯವಸ್ಥೆ ಎಲ್ಲ ದೇಶಗಳಲ್ಲಿ ಲಭ್ಯವಿಲ್ಲದ್ದರಿಂದ ಬಾಡಿಗೆ ಕಟ್ಟುವ ಮೊದಲು ಇದನ್ನು ವಿಚಾರಿಸಿಕೊಳ್ಳಬೇಕು. ಒಂದೂ ಆರ್ಡರ್ ಬಾರದ ತಿಂಗಳಲ್ಲೂ ಬಾಡಿಗೆ ನಿಲ್ಲುವುದಿಲ್ಲ ಎಂಬುದನ್ನೂ ಮರೆಯಬಾರದು.

2011ರಲ್ಲಿ ಬಂದ ವೂಕಾಮರ್ಸ್, ಜಾಲತಾಣ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್ ಮೇಲೆ ಕೂರುವ ಉಚಿತ ಪ್ಲಗಿನ್, ಅಂದರೆ ಅದಕ್ಕೆ ಅಂಗಡಿಯನ್ನು ಸೇರಿಸುವ ಜೋಡಣೆ. ಕಮಿಷನ್ ಇಲ್ಲ, ಗಿರಾಕಿಗಳ ಪಟ್ಟಿ ನಮ್ಮದೇ. ಆದರೆ ಹೋಸ್ಟಿಂಗ್ (ತಾಣವನ್ನು ಇಡುವ ಬಾಡಿಗೆ ಜಾಗ), ಡೊಮೇನ್ (ತಾಣದ ವಿಳಾಸ), ಬ್ಯಾಕಪ್ (ತಾಣದ ನಕಲು ಪ್ರತಿ) ಮೂರೂ ನಮ್ಮ ಹೊಣೆ. ಇಲ್ಲಿ ನಾನು ಪೆಟ್ಟು ತಿಂದದ್ದು ಹೋಸ್ಟಿಂಗ್ ವಿಷಯದಲ್ಲಿ. ನಾನು ಆರಿಸಿಕೊಂಡ ಕಂಪನಿ ಮೊದಲ ವರ್ಷಕ್ಕೆ ತೀರಾ ಅಗ್ಗದ ದರ ತೋರಿಸಿ, ನವೀಕರಣದ ಹೊತ್ತಿಗೆ ಅದರ ಸುಮಾರು ಮೂರು ಪಟ್ಟು ಕೇಳಿತು. ಬ್ಯಾಕಪ್‌ಗೂ ಪ್ರತ್ಯೇಕ ಹಣ ಕೇಳಿದಾಗ ನಾನೇ ಇಡೀ ತಾಣವನ್ನು ಇಳಿಸಿಕೊಂಡು ಬೇರೆ ಕಡೆಗೆ ಸಾಗಿಸಿದೆ. ಅದಕ್ಕೆ ಎರಡು ದಿನ ಹಿಡಿಯಿತು. ಡೊಮೇನನ್ನು ಬೇರೆ ಕಡೆ ನೋಂದಾಯಿಸಿದ್ದರಿಂದ ವಿಳಾಸ ಬದಲಾಗಲಿಲ್ಲ, ಹಳೆಯ ಗಿರಾಕಿಗಳಿಗೆ ಯಾವ ತೊಂದರೆಯೂ ಆಗಲಿಲ್ಲ. ಹೋಸ್ಟಿಂಗ್ ಕೊಳ್ಳುವವರು ದೊಡ್ಡ ಅಕ್ಷರದ ಮೊದಲ ವರ್ಷದ ದರವನ್ನಲ್ಲ, ನವೀಕರಣದ ದರವನ್ನು ಹನ್ನೆರಡರಿಂದ ಭಾಗಿಸಿ, ಅದನ್ನೇ ತಿಂಗಳ ಬಾಡಿಗೆ ಎಂದು ತಿಳಿಯಬೇಕು.

ಆ ಬಾಡಿಗೆಯನ್ನು ಒಂದು ಆರ್ಡರಿನ ಎಟ್ಸಿ ಕಮಿಷನ್‌ನಿಂದ ಭಾಗಿಸಿದರೆ ಎಷ್ಟು ಆರ್ಡರಿನ ಮೇಲೆ ಸ್ವಂತ ಅಂಗಡಿ ಲಾಭ ಎಂಬುದು ಸಿಗುತ್ತದೆ. ತಿಂಗಳಿಗೆ ಅಷ್ಟು ಆರ್ಡರ್ ಬಾರದವರಿಗೆ ಎಟ್ಸಿಯೇ ಸರಿ. ತಂತ್ರಾಂಶದ ಅಪ್‌ಡೇಟ್, ಬ್ಯಾಕಪ್‌ಗಳಿಗೆ ವಾರಕ್ಕೊಂದು ಗಂಟೆ ಕೊಡಲಾಗದವರಿಗೆ ಶಾಪಿಫೈ ಬಾಡಿಗೆ ದುಬಾರಿಯಲ್ಲ. ಹಳೆಯ ಗಿರಾಕಿಗಳೇ ಹೆಚ್ಚಿರುವ ನಾನು ವೂಕಾಮರ್ಸ್‌ನಲ್ಲಿ ನಿಂತಿದ್ದೇನೆ. ಹೊಸಬರಿಗಾಗಿ ಎಟ್ಸಿಯಲ್ಲಿ ಎರಡೇ ಬಗೆ ಉಳಿಸಿಕೊಂಡಿದ್ದೇನೆ. ಕೊನೆಯ ಒಂದು ಸಾಬೂನು ಒಂದೇ ರಾತ್ರಿ ಎರಡೂ ಕಡೆ ಮಾರಾಟವಾಗಿ ಒಬ್ಬರಿಗೆ ಹಣ ಹಿಂತಿರುಗಿಸಬೇಕಾಗಿ ಬಂದ ಮೇಲೆ, ಆ ಎರಡು ಬಗೆಯ ಸರಕನ್ನು ಬೇರೆಯದೇ ಪೆಟ್ಟಿಗೆಯಲ್ಲಿ ಇಡುತ್ತೇನೆ.