ಯೋಶಿಮಿತ್ಸು: ಪ್ರತಿ ಟೆಕ್ಕನ್‌ಗೂ ಹೊಸ ವೇಷ, 8ರಲ್ಲಿ ಸ್ವಭಾವವೂ ಬೇರೆ

ಇಬ್ಬರು ಎದುರುಬದುರು ನಿಂತು ಬಡಿದಾಡುವ ವಿಡಿಯೋ ಗೇಮ್ ಟೆಕ್ಕನ್ 8 ಕೊಳ್ಳಬೇಕಾ ಬೇಡ್ವಾ ಅಂತ ಕೇಳಿದರೆ ಎಲ್ಲರೂ ಗ್ರಾಫಿಕ್ಸ್, ಆನ್‌ಲೈನ್, ಸ್ಟೋರಿ ಅಂತ ಶುರು ಮಾಡುತ್ತಾರೆ. ನನಗೆ ಈ ಸರಣಿಯನ್ನು ಅಳೆಯೋಕೆ ಒಬ್ಬನೇ ಸಾಕು, ಕತ್ತಿ ಹಿಡಿದ ಯೋಶಿಮಿತ್ಸು. ಹುಬ್ಬಳ್ಳಿ ವಿದ್ಯಾನಗರದ ಗೇಮ್ ಪಾರ್ಲರ್ ಕಾಲದಿಂದ ಈಗ ಮನೆಯಲ್ಲಿರುವ ಪಿಸಿವರೆಗೂ ನಾನು ಆಡಿದ್ದು ಹೆಚ್ಚುಕಡಿಮೆ ಇವನೊಬ್ಬನನ್ನೇ. ಆಟ ಅಂತ ನೋಡಿದರೆ 8 ಚೆನ್ನಾಗಿದೆ. ಯೋಶಿಗೋಸ್ಕರ ಆಡುವವರಿಗೆ ಮಾತ್ರ 7 ಇವತ್ತಿಗೂ ಒಂದು ಕೈ ಮೇಲು.

ಗೊತ್ತಿಲ್ಲದವರಿಗೆ ಎರಡು ಮಾತು. 1994ರ ಮೊದಲ ಟೆಕ್ಕನ್‌ನಿಂದ ಇವನಿದ್ದಾನೆ, ಮುಖ್ಯ ಸರಣಿಯ ಒಂದೂ ಆಟ ತಪ್ಪಿಸಿಲ್ಲ. ಮಾಂಜಿ ಅನ್ನೋ ಗುಂಪಿನ ನಾಯಕ. ಉಳ್ಳವರಿಂದ ಕದ್ದು ಇಲ್ಲದವರಿಗೆ ಹಂಚುವವನು. ಎಡಗೈ ಯಂತ್ರದ್ದು. ಎಲ್ಲರೂ ಕೈಕಾಲಲ್ಲಿ ಬಡಿದಾಡುವ ಆಟಕ್ಕೆ ಇವನು ಕತ್ತಿ ತಂದರೂ ಅನ್ಯಾಯ ಅನಿಸುವುದಿಲ್ಲ. ಯಾಕಂದ್ರೆ ಕತ್ತಿ ಕೈಯಲ್ಲೇ ಇದ್ದರೂ ಹೊಡೆಯುವುದು ಜಾಸ್ತಿ ಗುದ್ದು, ಒದೆತ. ಕತ್ತಿ ಬೀಸಿದರೆ ಹೆಚ್ಚಾಗಿ ಏಟು ನಿಧಾನ, ತಪ್ಪಿದರೆ ಸಿಕ್ಕಿಬೀಳುತ್ತಾನೆ. ಇದೇ ಕಂಪನಿಯ ಸೋಲ್‌ಕ್ಯಾಲಿಬರ್‌ನಲ್ಲೂ ಇದೇ ಹೆಸರಿನ ಒಬ್ಬ ಇದ್ದಾನೆ, ಹಳೇ ಕಾಲದವನು. ಅಲ್ಲಿ ಎಲ್ಲರ ಕೈಯಲ್ಲೂ ಆಯುಧ ಇರುತ್ತೆ, ಹಾಗಾಗಿ ಅವನು ಹತ್ತರಲ್ಲಿ ಹನ್ನೊಂದನೆಯವನು. ಅದರ ಆರನೇ ಭಾಗ ಕೊಂಡು ಸ್ವಲ್ಪ ದಿನ ಆಡಿ ಬಿಟ್ಟೆ.

ಮೊದಲು ವೇಷದ ವಿಷಯ ಮುಗಿಸಿಬಿಡೋಣ. ಇದೇ ಆಟದ ಇನ್ನೊಂದು ಪಾತ್ರ ಕಿಂಗ್‌ನ ಜಾಗ್ವಾರ್ ಮುಖವಾಡ ಹೆಚ್ಚೇನೂ ಬದಲಾಗಲ್ಲ. ಯೋಶಿಯನ್ನು ಮಾತ್ರ ಪ್ರತಿ ಸಲ ಬುಡದಿಂದ ಹೊಸದಾಗಿ ಕಟ್ಟುತ್ತಾರೆ. ನಮ್ಮ ಕಡೆ ದೊಡ್ಡಾಟದಲ್ಲಿ ಒಬ್ಬನೇ ಕಲಾವಿದ ಈ ವರ್ಷ ಭೀಮ, ಬರೋ ವರ್ಷ ಕೀಚಕ ಆದರೂ ಕುಣಿತದ ಹೆಜ್ಜೆ ನೋಡಿಯೇ ಊರವರು ಗುರುತು ಹಿಡಿಯುತ್ತಾರಲ್ಲ, ಹಾಗೆ ಇದು. 3ರಲ್ಲಿ ಮೈಯೆಲ್ಲ ಎಲುಬು, ಚಿಪ್ಪು. 7ರಲ್ಲಿ ಸಮುದ್ರದಿಂದ ಎದ್ದುಬಂದ ಹಾಗೆ ತಲೆ ಸುತ್ತ ಜೋತಾಡುವ ಬಳ್ಳಿಗಳು. ಅದನ್ನು ಮೊದಲು ನೋಡಿದಾಗ ನಮ್ಮ ಗುಂಪಿನಲ್ಲಿ ಅರ್ಧ ಜನಕ್ಕೆ ವಾಕರಿಕೆ ಬಂತು, ನನಗೆ ಭಾರೀ ಇಷ್ಟವಾಯಿತು. 8ರಲ್ಲಿ ಮತ್ತೆ ಸಮುರಾಯ್ ಕವಚ. ನೋಡೋಕೆ ಸಖತ್ತಾಗಿದೆ, ಆದರೆ ಇಷ್ಟು ಗಂಭೀರ ವೇಷ ಇವನಿಗಲ್ಲ ಅನಿಸುತ್ತೆ.

ಈಗ ಕೈಚಳಕಕ್ಕೆ ಬರೋಣ. ಟೆಕ್ಕನ್ 3 ಪ್ಲೇಸ್ಟೇಷನ್‌ಗೆ ಬಂದಿದ್ದು 1998ರಲ್ಲಿ. ನಮ್ಮ ಪಾರ್ಲರ್‌ಗಳಲ್ಲಿ ಅದರ ಮುಂದಿನ ಭಾಗಗಳು ಬಂದ ಮೇಲೂ ಎಷ್ಟೋ ವರ್ಷ ಅದೇ ಓಡುತ್ತಿತ್ತು. ಅಲ್ಲಿ ಯೋಶಿ ಅಂದರೆ ಎರಡೇ ಕೆಲಸ. ಒಂದು, ಕುಕ್ಕರಗಾಲಲ್ಲಿ ಕೂತು ಗಿರಗಿರ ತಿರುಗುತ್ತ ಕಾಲಿಗೆ ಕಾಲು ಕೊಡುವುದು. ಬಟನ್ ಒತ್ತುತ್ತಲೇ ಇದ್ದರೆ ತಿರುಗುತ್ತಲೇ ಇರುತ್ತಾನೆ. ಮಿತಿ ಮೀರಿದರೆ ತಲೆ ಸುತ್ತಿ, ತೂರಾಡಿ, ತಾನೇ ದೊಪ್ಪಂತ ಬೀಳುತ್ತಾನೆ. ಪಕ್ಕದಲ್ಲಿ ಕೂತವನು ಸಿಟ್ಟಿಗೆದ್ದು, "ಲೇ, ಬರೇ ಕಾಲಿಗೇ ಹೊಡ್ಯಾಕತ್ತಿಯಲ್ಲಲೇ, ನಿಂತ್ಕೊಂಡು ಆಡು ಮಗನ!" ಅಂತ ಜಾಯ್‌ಸ್ಟಿಕ್‌ನ ವಯರ್ ಎಳೆಯುತ್ತಿದ್ದ. ಯೋಶಿ ತಲೆ ಸುತ್ತಿ ಬಿದ್ದಾಗ ನಗುವವನೂ ಅವನೇ. ಎರಡನೇ ಕೆಲಸ, ಕತ್ತಿಯನ್ನು ತನ್ನ ಹೊಟ್ಟೆಗೇ ಚುಚ್ಚಿಕೊಳ್ಳುವುದು. ಎದುರಿನವನು ಅಂಟಿಕೊಂಡು ನಿಂತಿದ್ದರೆ ಅದೇ ಕತ್ತಿ ಅವನಿಗೂ ನಾಟುತ್ತೆ, ಬ್ಲಾಕ್ ಮಾಡೋಕೆ ಬರಲ್ಲ. ದೂರ ಸರಿದರೆ ನಮ್ಮ ಆಯಸ್ಸು, ಅಂದರೆ ಪರದೆ ಮೇಲಿನ ಪಟ್ಟಿ, ಮಾತ್ರ ಹೋಯಿತು. ಸೋಲುವುದು ಖಾತ್ರಿ ಅಂತಾದಾಗ ಇದನ್ನು ಮಾಡಿ ಎದುರಾಳಿಯ ಮುಖ ನೋಡುವುದೇ ಒಂದು ಮಜಾ.

ಇನ್ನು ಪದ್ಮಾಸನ. ಆಟದ ನಡುವೆ ಸುಮ್ನೆ ಕೂತು ಕಣ್ಣು ಮುಚ್ಚುತ್ತಾನೆ, ಆಯಸ್ಸು ನಿಧಾನಕ್ಕೆ ಏರುತ್ತೆ. ಎದುರಾಳಿ ಓಡಿ ಬಂದು ಒದೆಯಲೇಬೇಕು. ಹಾಗೆ ಅವನು ಅವಸರದಲ್ಲಿ ಬರಲಿ ಅಂತಲೇ ನಾವು ಕೂರೋದು. ಕತ್ತಿಯನ್ನು ನೆಲಕ್ಕೂರಿ ಅದರ ಮೇಲೆ ನಿಂತು ಕುಪ್ಪಳಿಸುವುದೂ ಅಷ್ಟೇ. ಬಲ ತೋರಿಸುವುದಲ್ಲ, ಎದುರಿನವನ ತಲೆ ಕೆಡಿಸುವುದು. ಇದು ಇವನ ಜಾತಕ.

ಟೆಕ್ಕನ್ 4 ನನ್ನ ಕೈಗೆ ಸಿಗಲೇ ಇಲ್ಲ. 5 ಪ್ಲೇಸ್ಟೇಷನ್ 2ನಲ್ಲಿ, ಧಾರವಾಡದ ಗೆಳೆಯನ ರೂಮಿನಲ್ಲಿ ಸಾಕಷ್ಟು ಆಡಿದ್ದೇವೆ. ಒಳ್ಳೆ ಆಟ, ಆದರೆ ಯೋಶಿಯಲ್ಲಿ ದೊಡ್ಡ ಬದಲಾವಣೆ ನನಗೆ ಕಾಣಲಿಲ್ಲ. ಅದು ಕಂಡಿದ್ದು 2009ರಲ್ಲಿ ಮನೆ ಕನ್ಸೋಲ್‌ಗೆ ಬಂದ 6ರಲ್ಲಿ. ಕೈಗೆ ಎರಡನೇ ಕತ್ತಿ ಬಂತು, ಫುಮಾಕೆನ್. ಕಥೆಯಲ್ಲಿ ಅವನ ಹಳೇ ಕತ್ತಿ ಕೆಟ್ಟ ಶಕ್ತಿ ತುಂಬಿದ್ದು, ಅದನ್ನು ಹದ್ದುಬಸ್ತಿನಲ್ಲಿಡೋಕೆ ಇದು. ಆಡುವವನಿಗೆ ನೆನಪಿಡಬೇಕಾದ ಏಟುಗಳು ಇನ್ನಷ್ಟು ಜಾಸ್ತಿ ಆದವು, ಅಷ್ಟೇ.

7 ಬಂದಿದ್ದು 2017ರ ಜೂನ್‌ನಲ್ಲಿ, ಪಿಸಿಯಲ್ಲೂ. ನಾನು ಜಾಸ್ತಿ ಸಮಯ ಕೊಟ್ಟಿದ್ದು ಇದಕ್ಕೇ, ಯೋಶಿ ಏನು ಅಂತ ಅರ್ಥವಾಗಿದ್ದೂ ಇದರಲ್ಲೇ. ಆನ್‌ಲೈನ್‌ನಲ್ಲಿ ಬರುವವರು ಪಾರ್ಲರ್ ಹುಡುಗರಲ್ಲ. ಕಾಲು ತಿರುಗಿಸಿದರೆ ಎರಡನೇ ಏಟಿಗೇ ತಡೆದು ಗಾಳಿಗೆ ಎಸೆಯುತ್ತಾರೆ. ಅಲ್ಲಿ ಅನ್ನ ಹಾಕಿದ್ದು ಫ್ಲ್ಯಾಶ್. ಚೌಕ ಮತ್ತು ಗೋಲ ಬಟನ್ ಒಟ್ಟಿಗೆ ಒತ್ತಿದರೆ ಕತ್ತಿ ಮಿಂಚಿನ ಹಾಗೆ ಮೈ ಮುಂದೆ ಹಾದುಹೋಗುತ್ತೆ. ಈ ಆಟದಲ್ಲಿ ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರ. ಮಾಮೂಲಿ ಚುರುಕು ಗುದ್ದಿಗೆ 10 ಫ್ರೇಮ್ ಬೇಕು, ಫ್ಲ್ಯಾಶ್ ಅದಕ್ಕೂ ಮುಂಚೆ ತಾಕುತ್ತೆ. ಅಂದರೆ ಎದುರಾಳಿ ಒಂದರ ಹಿಂದೆ ಒಂದು ಏಟು ಕೊಡುತ್ತ ಈಗ ತನ್ನದೇ ಸರದಿ ಅಂದುಕೊಂಡಿರುವಾಗ ನಾವು ನಡುವೆ ತೂರಬಹುದು. ಅವನು ಊಹಿಸಿ ಸುಮ್ಮನೆ ಬ್ಲಾಕ್ ಮಾಡಿ ನಿಂತರೆ ಮಾತ್ರ ನಮ್ಮ ಕಥೆ ಮುಗೀತು, ಒಂದಕ್ಕೊಂದು ಜೋಡಿಸಿದ ಏಟುಗಳ ಪೂರ್ತಿ ಕಾಂಬೋ ತಿನ್ನಬೇಕು. ಒಮ್ಮೆ ಫ್ಲ್ಯಾಶ್ ತಿಂದವನು ಆಮೇಲೆ ಹೆದರಿ ಹೆದರಿ ಆಡುತ್ತಾನೆ. ಆ ಹೆದರಿಕೆಯ ಸಂದಿಯಲ್ಲಿ ಹೋಗಿ ಪದ್ಮಾಸನ ಹಾಕಿ ಕೂರಬೇಕು. ಕತ್ತಿ ಎತ್ತಿಟ್ಟು ಬರಿಗೈಯಲ್ಲಿ ನಿಲ್ಲುವ ಒಂದು ನಿಲುವೂ ಇದೆ. ಅದನ್ನು ಕಲಿಯೋಕೆ ಬಹಳ ದಿನ ಬೇಕು, ಬಂದ ಮೇಲೆ ಬಿಡೋಕಾಗಲ್ಲ.

ನೆಟ್ ಬಗ್ಗೆಯೂ ಹೇಳಲೇಬೇಕು. ನಮ್ಮ ಏರಿಯಾದ ಕನೆಕ್ಷನ್ ಸಂಜೆ ಹೊತ್ತು ನಿಂತು ನಿಂತು ಬರುತ್ತೆ. ಫ್ಲ್ಯಾಶ್‌ನಂಥ ಏಟಿಗೆ ಅರ್ಧ ಕ್ಷಣದ ಎಳೆತವೂ ವಿಷ. ವೈಫೈ ಬಿಟ್ಟು ಕೇಬಲ್ ಹಾಕಿದ ಮೇಲೆ ತಕ್ಕಮಟ್ಟಿಗೆ ಸರಿಹೋಯಿತು. ಈ ಪಾತ್ರ ಆಡುವವರು ಮೊದಲು ಅದಕ್ಕೆ ದುಡ್ಡು ಹಾಕಿ, ಹೊಸ ಕಂಟ್ರೋಲರ್ ಆಮೇಲೆ.

ಇನ್ನು 8. 2024ರ ಜನವರಿಯಲ್ಲಿ ಬಂತು, ಪಿಸಿಯಲ್ಲಿ ಸುಮಾರು 100 ಜಿಬಿ ಜಾಗ ಬೇಕು. ಇಲ್ಲಿ ಹೀಟ್ ಅನ್ನೋ ಹೊಸ ಪದ್ಧತಿ ತಂದಿದ್ದಾರೆ. ಪ್ರತಿ ರೌಂಡಿನಲ್ಲೂ ಸ್ವಲ್ಪ ಹೊತ್ತು ನಿಮ್ಮ ಪಾತ್ರಕ್ಕೆ ಆವೇಶ ಬಂದ ಹಾಗೆ. ಆಗ ಎದುರಾಳಿ ಬ್ಲಾಕ್ ಮಾಡಿದರೂ ಅವನ ಆಯಸ್ಸು ಕರಗುತ್ತೆ. ಹೀಗೆ ಕರಗಿದ್ದನ್ನು ಅವನು ತಿರುಗಿ ಹೊಡೆದರೆ ಮಾತ್ರ ವಾಪಸ್ ಪಡೆಯಬಹುದು. ಒಟ್ಟಾರೆ ಆಟವೇ ಹೇಳುತ್ತೆ: ಮುಂದೆ ನುಗ್ಗು, ಕಾಯಬೇಡ. ಬೇರೆ ಪಾತ್ರಗಳಿಗೆ ಇದು ಚೆನ್ನಾಗಿ ಒಗ್ಗಿದೆ. ಪಂದ್ಯ ಚುರುಕಾಗಿವೆ, ನೋಡುವವರಿಗೂ ಖುಷಿ. ಆದರೆ ಯೋಶಿಯ ಹೊಟ್ಟೆಪಾಡೇ ಕಾಯುವುದು, ಕಾಯಿಸುವುದು ಅಲ್ವಾ? ಈಗ ಪದ್ಮಾಸನ ಹಾಕಿ ಕೂತರೆ ಹೀಟ್‌ನಲ್ಲಿ ಇರುವವನು ಯೋಚನೆಯನ್ನೇ ಮಾಡದೆ ಬಂದು ಗುದ್ದುತ್ತಾನೆ. ತಲೆ ಕೆಡಿಸೋಕೆ ಎದುರಿನವನು ತಲೆ ಓಡಿಸುತ್ತಿರಬೇಕು, ಅದಕ್ಕೆ ಬಿಡುವೇ ಇಲ್ಲ. ನುಗ್ಗಿ ಹೊಡೆಯುವ ಯೋಶಿಯಾಗಿ ಆಡಿದಾಗ ನಾನು ಗೆದ್ದದ್ದು ಜಾಸ್ತಿ, ನಿಜ. ಆದರೆ ಗೆದ್ದ ಮೇಲೆ ನಗು ಬರುವುದಿಲ್ಲ.

ಬೈಯುವುದಷ್ಟೇ ಅಲ್ಲ, 8ರಲ್ಲಿ ಒಂದು ಸಂಗತಿ ನನಗೆ ತುಂಬಾ ಹಿಡಿಸಿದೆ, ಘೋಸ್ಟ್. ನಾವು ಆಡುವ ರೀತಿ ನೋಡಿ ಕಂಪ್ಯೂಟರ್ ನಮ್ಮದೇ ಒಂದು ನಕಲು ತಯಾರಿಸುತ್ತೆ, ಬೇರೆಯವರು ಅದನ್ನು ಇಳಿಸಿಕೊಂಡು ಅದರ ಜೊತೆ ಆಡಬಹುದು. ಗದಗ ಬೆಟಗೇರಿಯಲ್ಲಿರುವ ನನ್ನ ಅಕ್ಕನ ಮಗ ಹಾಗೆ ಆಡಿ ಫೋನ್ ಮಾಡಿದ್ದ. "ಮಾಮಾ, ನಿಮ್ಮ ಘೋಸ್ಟು ಹೊಡ್ತ ಬಿದ್ ಕೂಡ್ಲೇ ಕಣ್ ಮುಚ್ಚಿ ಕುಂತ್ ಬಿಡ್ತೈತ್ರಿ" ಅಂದ. ನಾನೂ ಅದರ ಜೊತೆ ಆಡಿ ನೋಡಿದೆ. ಹೌದು, ಗೋಡೆ ಬೆನ್ನಿಗೆ ಬಂದ ತಕ್ಷಣ ಫ್ಲ್ಯಾಶ್, ಆಮೇಲೆ ಪದ್ಮಾಸನ. ನನ್ನ ಆಟ ಇಷ್ಟು ಸುಲಭವಾಗಿ ಓದೋಕೆ ಬರುತ್ತೆ ಅಂತ ಯಾರೂ ಹೇಳಿರಲಿಲ್ಲ.

ಹೊಸಬರಿಗೆ ಒಂದು ಮಾತು. 8ರಲ್ಲಿ ಸ್ಪೆಷಲ್ ಸ್ಟೈಲ್ ಅಂತ ಒಂದು ಸುಲಭ ದಾರಿ ಇದೆ, ಒಂದೊಂದೇ ಬಟನ್‌ಗೆ ದೊಡ್ಡ ಏಟುಗಳು ಬರುತ್ತವೆ. ಬೇರೆ ಪಾತ್ರಗಳಿಗೆ ಅದು ಪರವಾಗಿಲ್ಲ. ಯೋಶಿಗೆ ಬೇಡ, ಅವನ ಅಸಲಿ ಮಸಾಲೆ ಆ ಬಟನ್‌ಗಳಲ್ಲಿ ಸಿಗಲ್ಲ. ಬದಲಿಗೆ ಸೋತ ಪಂದ್ಯದ ರೀಪ್ಲೇ ತೆಗೆಯಿರಿ. ನಡುವೆ ಎಲ್ಲಿ ಬೇಕಾದರೂ ನಿಲ್ಲಿಸಿ, ಅಲ್ಲಿಂದ ನೀವೇ ಆಡಿ ನೋಡಬಹುದು. ಎಲ್ಲಿ ಫ್ಲ್ಯಾಶ್ ಹಾಕಬಹುದಿತ್ತು ಅನ್ನೋದು ಅಲ್ಲೇ ಗೊತ್ತಾಗುತ್ತೆ. ನಿಮ್ಮ ಪಿಸಿ ಹಳೆಯದಾಗಿದ್ದರೆ ಬರೀ ಯೋಶಿಗೋಸ್ಕರ 8 ಆಡೋಕೆ ಅಂತ ಹೊಸ ಗ್ರಾಫಿಕ್ಸ್ ಕಾರ್ಡಿಗೆ ಖರ್ಚು ಮಾಡಬೇಡಿ. 7 ಸೇಲ್‌ನಲ್ಲಿ ಬಂದಾಗ ಹಾಕಿಸಿಕೊಳ್ಳಿ, ಅದು ಸಾಧಾರಣ ಪಿಸಿಯಲ್ಲೂ ಓಡುತ್ತೆ. ನಾನು ಎರಡನ್ನೂ ಇಟ್ಟುಕೊಂಡಿದ್ದೇನೆ: ರ‍್ಯಾಂಕ್ ಬೇಕು ಅಂದಾಗ 8, ಗೆಳೆಯರು ಮನೆಗೆ ಬಂದಾಗ 7. ಅಂಕ ಕೇಳಿದರೆ ಯೋಶಿ ಮಟ್ಟಿಗೆ 7ಕ್ಕೆ ಐದರಲ್ಲಿ ನಾಲ್ಕೂವರೆ, 8ಕ್ಕೆ ಮೂರೂವರೆ.