ಬೋಟಾಕ್ಸ್ ಬಾಟಲಿ ನಿಮ್ಮ ಕಣ್ಣೆದುರು ತೆಗೆಯದಿದ್ರೆ ಕುರ್ಚಿಯಿಂದ ಎದ್ದು ಬನ್ನಿ

ಮಂಡ್ಯ, ಮೈಸೂರು ಕಡೆಯವರು ದಯವಿಟ್ಟು ಪೂರ್ತಿ ಓದಿ. ಮದುವೆ ಸೀಸನ್ ಬರ್ತಾ ಇದೆ. "ಆಪರೇಷನ್ ಇಲ್ಲದೆ ಹತ್ತು ವರ್ಷ ಚಿಕ್ಕವರಾಗಿ" ಅನ್ನೋ ಬೋರ್ಡು ಈಗ ಬೀದಿಗೊಂದು. ಅಂಥ ಒಂದು ಕಡೆ ಮುಖದ ಗೆರೆ ಹೋಗಿಸೋ ಬೋಟಾಕ್ಸ್ ಇಂಜೆಕ್ಷನ್ ಚುಚ್ಚಿ ನಮ್ಮಕ್ಕನ ಎಡಗಣ್ಣಿನ ರೆಪ್ಪೆ ಇಳಿಸಿ ಕಳಿಸಿದ್ದಾರೆ. ಮಗನ ಮದುವೆಗೆ ನಾಲ್ಕೇ ದಿನ ಇರೋವಾಗ! ಹೆಸರು ಹಾಕಬೇಡ ಕಣೇ, ನೆಂಟರೆದುರು ತಲೆ ಎತ್ತೋಕಾಗಲ್ಲ ಅಂತ ಅಕ್ಕ ಅತ್ತಿದ್ದಾಳೆ. ಹಾಗಾಗಿ ಅವಳ ಹೆಸರೂ ಇಲ್ಲ, ಆ ಜಾಗದ ಹೆಸರೂ ಇಲ್ಲ. ನಡೆದದ್ದನ್ನ ಮಾತ್ರ ಬಿಡದೆ ಹೇಳ್ತೀನಿ.

ಅಕ್ಕನಿಗೆ 52. ಮಂಡ್ಯದಿಂದ ಮೈಸೂರಿಗೆ ಸೀರೆ ತರೋಕೆ ಬಂದವಳು ಬೋರ್ಡು ನೋಡಿ ಒಳಗೆ ಹೋಗಿದ್ದಾಳೆ. ಮುಂದಿನದು ನಿಮಗೆಲ್ಲ ಗೊತ್ತಿರೋದೇ. ಜ್ಯೂಸು, ಸೋಫಾ, ಕನ್ನಡಿ, "ಆಂಟಿ ನಿಮ್ಮ ಸ್ಕಿನ್ ತುಂಬಾ ಚೆನ್ನಾಗಿದೆ, ಹಣೆ ಒಂದು ಸರಿ ಮಾಡಿದ್ರೆ ಸಾಕು." ಹಣೆ, ಹುಬ್ಬುಗಳ ನಡುವೆ, ಕಣ್ಣಿನ ಪಕ್ಕದ ಗೆರೆ, ಒಟ್ಟು "3 ಏರಿಯಾ". ₹30,000ದ್ದು ಇವತ್ತೇ ಕಟ್ಟಿದ್ರೆ ₹18,000, ಜೊತೆಗೆ ಗೋಲ್ಡ್ ಫೇಶಿಯಲ್ ಫ್ರೀ. ಡಾಕ್ಟ್ರು ಎಲ್ಲಿ ಅಂದ್ರೆ "ಬೆಂಗಳೂರಿಂದ ಬರ್ತಾರೆ, ಇವತ್ತು ನಮ್ಮ ಸೀನಿಯರ್ ಮೇಡಮ್ಮೇ ಮಾಡ್ತಾರೆ." ಫೋನಲ್ಲೇ ದುಡ್ಡು ಹೋಯ್ತು. ಇಂಗ್ಲಿಷ್ ಫಾರ್ಮಿಗೆ ಸಹಿ ಆಯ್ತು, ಕನ್ನಡಕ ಬ್ಯಾಗಲ್ಲೇ ಇತ್ತು.

ಆಮೇಲೆ ಒಳಗಿನ ರೂಮಿಂದ ಸ್ಟೀಲ್ ಟ್ರೇ ಬಂತು. ಟ್ರೇಯಲ್ಲಿ ಮೂರು ಇನ್ಸುಲಿನ್ ಸಿರಿಂಜು, ಮೂರೂ ಮೊದಲೇ ತುಂಬಿಸಿಟ್ಟಿದ್ದವು. ಲೇಬಲ್ ಇಲ್ಲ. ಹೊತ್ತು ಬರೆದಿಲ್ಲ. ಬಾಟಲಿ ಇಲ್ಲವೇ ಇಲ್ಲ. ಅಕ್ಕ ಕೇಳಿದ್ದಾಳೆ, "ಬಾಟ್ಲಿ ಎಲ್ಲಮ್ಮ?" ಅಂತ. ಬಂದ ಉತ್ತರ ಇದು: "ಒಳಗೆ ಫ್ರಿಜ್ಜಲ್ಲಿದೆ ಆಂಟಿ, ಹೊರಗೆ ತಂದ್ರೆ ಕೆಟ್ಟೋಗುತ್ತೆ."

ಇದನ್ನ ಕೇಳಿದಾಗ ನನಗೆ ಮೈಯೆಲ್ಲ ಉರಿದುಹೋಯ್ತು. ಔಷಧಿ ಕೆಲಸ ಮಾಡೋರಿಗೆ ಈ ಸುಳ್ಳಿನ ಬೆಲೆ ಗೊತ್ತು. ಅರ್ಧ ನಿಜ ಇದೆ ನೋಡಿ ಅದರಲ್ಲಿ! ಬಾಟಲಿ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇರಬೇಕು, ಸರಿ. ಆದರೆ ಹೊರಗೆ ತೆಗೆಯದೆ ಅದಕ್ಕೆ ಸಲೈನ್, ಅಂದ್ರೆ ಉಪ್ಪುನೀರು, ಹಾಕಿ ಕಲಸೋದು ಹೇಗೆ? ಬಾಟಲಿ ಹೊರಗೆ ಬಂದ್ರೆ ಕೆಡುತ್ತೆ, ಅದೇ ಔಷಧಿ ಸಿರಿಂಜಲ್ಲಿ ಹೊರಗೆ ಬಂದ್ರೆ ಕೆಡಲ್ವಾ? ಇಷ್ಟು ಕೇಳಿದ್ರೆ ಸಾಕಿತ್ತು. ಮುಖಕ್ಕೆ ಸ್ಪಿರಿಟ್ ಒರೆಸಿಕೊಂಡು ಮಲಗಿರೋ ಹೆಂಗಸು ಅದನ್ನೆಲ್ಲ ಕೇಳ್ತಾಳಾ, ಹೇಳಿ.

ಸರಿಯಾಗಿ ನಡೆದ್ರೆ ಹೇಗಿರುತ್ತೆ ಹೇಳ್ತೀನಿ, ನೆನಪಿಟ್ಟುಕೊಳ್ಳಿ. ಬೋಟಾಕ್ಸ್ ಅನ್ನೋದು ಒಂದು ಕಂಪನಿಯ ಬ್ರ್ಯಾಂಡ್ ಹೆಸರು. ಒಳಗಿರೋದು ಬೊಟುಲಿನಮ್ ಟಾಕ್ಸಿನ್ ಎ. ನರದಿಂದ ಸ್ನಾಯುವಿಗೆ ಹೋಗೋ ಸಂದೇಶವನ್ನ, ಅಂದ್ರೆ ಅಸಿಟೈಲ್‌ಕೋಲಿನ್ ಅನ್ನೋ ರಾಸಾಯನಿಕವನ್ನ, ಅದು ತಡೆಯುತ್ತೆ. ಸ್ನಾಯು ಸುಮ್ಮನಾಗುತ್ತೆ, ಗೆರೆ ಮಡಚಲ್ಲ. ಹುಬ್ಬುಗಳ ನಡುವಿನ ಗೆರೆಗೆ ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2002ರಲ್ಲೇ ಇದಕ್ಕೆ ಒಪ್ಪಿಗೆ ಕೊಟ್ಟಿದೆ. ತಿಳಿದವರ ಕೈಯಲ್ಲಿ ಒಳ್ಳೇ ಔಷಧಿ, ಅದರ ಮೇಲೆ ನನಗೆ ಸಿಟ್ಟಿಲ್ಲ.

ಯೂನಿಟ್ ಅಂದ್ರೆ ಈ ಔಷಧಿಯ ಅಳತೆ. 100 ಯೂನಿಟ್‌ನ ಬಾಟಲಿ ಕೈಗೆ ತಗೊಂಡು ನೋಡಿದ್ರೆ ಖಾಲಿ ಅನ್ಸುತ್ತೆ. ತಳದಲ್ಲಿ ತೆಳ್ಳಗೆ ಪೊರೆ ಥರ ಏನೋ ಅಂಟಿರುತ್ತೆ, ಅಷ್ಟೆ. ಒಳಗೆ ಗಾಳಿ ಎಳೆದು ಮುಚ್ಚಿರ್ತಾರೆ. ಹಾಗಾಗಿ ಸಲೈನ್ ತುಂಬಿದ ಸೂಜಿ ರಬ್ಬರ್ ಮುಚ್ಚಳಕ್ಕೆ ಚುಚ್ಚಿದ ತಕ್ಷಣ ಬಾಟಲಿ ತಾನಾಗೇ ಸಲೈನನ್ನ ಒಳಗೆ ಎಳ್ಕೊಳ್ಳುತ್ತೆ. ಎಳ್ಕೊಳ್ಳಲಿಲ್ಲ ಅಂದ್ರೆ ಆ ಬಾಟಲಿ ಎಸೀಬೇಕು. ಇದನ್ನ ನಿಮ್ಮ ಕಣ್ಣಾರೆ ನೋಡಿ. 2.5 ಮಿ.ಲೀ. ಸಲೈನ್ ಹಾಕಿದ್ರೆ 0.1 ಮಿ.ಲೀ.ಗೆ 4 ಯೂನಿಟ್ ಬರುತ್ತೆ. 5 ಮಿ.ಲೀ. ಹಾಕಿದ್ರೆ ಅದೇ 0.1 ಮಿ.ಲೀ.ಗೆ ಬರೀ 2 ಯೂನಿಟ್. ಸಿರಿಂಜು ನೋಡೋಕೆ ಒಂದೇ ಥರ, ಒಳಗೆ ಅರ್ಧಕ್ಕರ್ಧ ನೀರು. ಹಾಲಿಗೆ ನೀರು ಬೆರೆಸಿದ್ರೆ ನಾಲಗೆಗಾದ್ರೂ ಗೊತ್ತಾಗುತ್ತೆ, ಇದು ಗೊತ್ತಾಗಲ್ಲ. ನೀರು ಜಾಸ್ತಿ ಆದಷ್ಟೂ ಅದು ಚುಚ್ಚಿದ ಜಾಗ ಬಿಟ್ಟು ಆಚೆಗೆ ಹರಡೋದೂ ಜಾಸ್ತಿ. ಕಲಸಿದ ಮೇಲೆ ಫ್ರಿಜ್ಜಲ್ಲಿಟ್ಟು 24 ಗಂಟೆಯೊಳಗೆ ಬಳಸಬೇಕು ಅಂತ ಬೋಟಾಕ್ಸ್ ಪೊಟ್ಟಣದ ಚೀಟಿಯಲ್ಲೇ ಇದೆ. ಅಕ್ಕನಿಗೆ ಚುಚ್ಚಿದ್ದು ಇವತ್ತು ಕಲಸಿದ್ದೋ, ಹೋದ ವಾರದ್ದೋ, ಯಾರ ಬಾಟಲಿಯಲ್ಲಿ ಉಳಿದದ್ದೋ. ದೇವರೇ ಬಲ್ಲ.

ಯೂನಿಟ್ ಲೆಕ್ಕವೂ ಅಷ್ಟೇ. ಅದೇ ಚೀಟಿಯ ಪ್ರಕಾರ ಹುಬ್ಬುಗಳ ನಡುವೆ 5 ಕಡೆ 4ರಂತೆ 20 ಯೂನಿಟ್, ಹಣೆಗೆ 20, ಎರಡೂ ಕಣ್ಣಿನ ಪಕ್ಕಕ್ಕೆ ಸೇರಿ 24, ಒಟ್ಟು 64. ಅಕ್ಕನ ಬಿಲ್ಲಲ್ಲಿ ಏನಿದೆ ಗೊತ್ತಾ? "ಬೋಟಾಕ್ಸ್ 3 ಏರಿಯಾ, 1 ಸಿಟ್ಟಿಂಗ್". ಯೂನಿಟ್ ಇಲ್ಲ, ಬ್ರ್ಯಾಂಡ್ ಇಲ್ಲ, ಬ್ಯಾಚ್ ಇಲ್ಲ. ಒಂದು ಬ್ರ್ಯಾಂಡಿನ ಯೂನಿಟ್ ಇನ್ನೊಂದಕ್ಕೆ ಸಮ ಅಲ್ಲ ಬೇರೆ. ಬೋಟಾಕ್ಸ್ ಲೆಕ್ಕ ಡಿಸ್‌ಪೋರ್ಟ್ ಅನ್ನೋ ಇನ್ನೊಂದು ಬ್ರ್ಯಾಂಡಿಗೆ ಹಾಕೋಕಾಗಲ್ಲ. "ಏರಿಯಾ" ಅಂತ ರೇಟ್ ಹೇಳಿದ್ರೆ ಯೂನಿಟ್ ಎಷ್ಟು, ಯಾವ ಬ್ರ್ಯಾಂಡು ಅಂತ ಬಿಲ್ಲಲ್ಲೇ ಬರೆಸಿ. ಬರೆಯಲ್ಲ ಅಂದ್ರೆ ದುಡ್ಡು ಕೊಡಬೇಡಿ.

ಈಗ ಆ ಫ್ರೀ ಗೋಲ್ಡ್ ಫೇಶಿಯಲ್ ಕಥೆ ಕೇಳಿ. ಇಂಜೆಕ್ಷನ್ ಕೊಟ್ಟು ಅರ್ಧ ಗಂಟೆ ಆಗಿಲ್ಲ, ಅಕ್ಕನನ್ನ ಅಂಗಾತ ಮಲಗಿಸಿ ಹಣೆ, ಹುಬ್ಬು, ಕಣ್ಣಿನ ಸುತ್ತ ಇಪ್ಪತ್ತು ನಿಮಿಷ ಕ್ರೀಮ್ ಹಚ್ಚಿ ತಿಕ್ಕಿದ್ದಾರೆ. ಹೆಬ್ಬೆರಳಲ್ಲಿ ಹುಬ್ಬಿನ ಮೇಲಿಂದ ಕೆಳಗೆ ಒತ್ತಿ ಒತ್ತಿ! ಇಂಜೆಕ್ಷನ್ ಆದ ಮೇಲೆ ಸುಮಾರು 4 ಗಂಟೆ ಮಲಗಬೇಡಿ, ಬಗ್ಗಬೇಡಿ, ಚುಚ್ಚಿದ ಜಾಗ ಉಜ್ಜಬೇಡಿ ಅಂತ ಬೋಟಾಕ್ಸ್ ಕೊಡೋ ಡಾಕ್ಟರೆಲ್ಲ ಹೇಳಿ ಕಳಿಸ್ತಾರೆ. ಫೇಶಿಯಲ್, ಸ್ಟೀಮ್ ಎಲ್ಲ ದಿನಗಟ್ಟಲೆ ಮುಂದಕ್ಕೆ ಹಾಕ್ತಾರೆ. ಇವರು ಫ್ರೀ ಅಂತ ಅದನ್ನೇ ಮಾಡಿದ್ದಾರೆ. ಹುಬ್ಬಿನ ಹತ್ತಿರದ ಚುಚ್ಚು ಹುಬ್ಬಿನ ಮೂಳೆಯ ಅಂಚಿಗಿಂತ ಕನಿಷ್ಠ 1 ಸೆಂ.ಮೀ. ಮೇಲಿರಬೇಕು. ಅಕ್ಕನ ಎಡಗಡೆಯ ಕೆಂಪು ಚುಕ್ಕಿ ಹುಬ್ಬಿನ ಕೂದಲೊಳಗೇ ಇತ್ತು. ಅಂದು ಸಂಜೆ ಅವಳು ಕಳಿಸಿದ ಫೋಟೋ ಈಗಲೂ ನನ್ನ ಫೋನಲ್ಲಿದೆ. ಅಲ್ಲಿಂದ ಒಳಕ್ಕೆ ಇಳಿದ್ರೆ ಸಿಗೋದೇ ರೆಪ್ಪೆ ಎತ್ತೋ ಸ್ನಾಯು.

ಇದರ ಕೆಲಸ ಶುರುವಾಗೋಕೆ 3ರಿಂದ 5 ದಿನ ಬೇಕು, ಪೂರ್ತಿ ಕಾಣೋಕೆ 14 ದಿನ. ಮದುವೆಗೆ 9 ದಿನ ಇದೆ ಅಂತ ಅಕ್ಕ ಬಾಯಿಬಿಟ್ಟು ಹೇಳಿದ್ದಾಳೆ. ತಿಳಿದವರಾಗಿದ್ರೆ ಅಲ್ಲೇ "ಈಗ ಬೇಡಮ್ಮ" ಅಂತಿದ್ರು. ಯಾವುದೇ ಸಮಾರಂಭಕ್ಕೆ ಕಡೇಪಕ್ಷ ಒಂದು ತಿಂಗಳು ಮುಂಚೆ ಮಾಡಿಸಬೇಕು, ಎರಡನೇ ವಾರ ಡಾಕ್ಟರಿಗೆ ಮತ್ತೆ ತೋರಿಸಬೇಕು.

ಐದನೇ ದಿನ ಬೆಳಿಗ್ಗೆ ಫೋನು: "ರೆಪ್ಪೆ ಏಳ್ತಾನೇ ಇಲ್ಲ ಕಣೇ." ಸಾಮಾನ್ಯವಾಗಿ ರೆಪ್ಪೆ ಇಳಿದವರು ಹಣೆ ಮೇಲಕ್ಕೆ ಎಳೆದು ಹೇಗೋ ನಿಭಾಯಿಸ್ತಾರೆ. ಅಕ್ಕನ ಹಣೆಗೂ ಚುಚ್ಚಿದ್ರಲ್ಲ, ಅದೂ ಏಳಲ್ಲ! ಗದ್ದ ಮೇಲಕ್ಕೆತ್ತಿ, ತಲೆ ಹಿಂದಕ್ಕೆ ವಾಲಿಸಿ, ಎಡಗೈ ಬೆರಳಲ್ಲಿ ರೆಪ್ಪೆ ಎತ್ತಿ ಹಿಡ್ಕೊಂಡು ಲಗ್ನಪತ್ರಿಕೆ ಮೇಲೆ ವಿಳಾಸ ಬರೀತಿದ್ಲು.

ಬೋಟಾಕ್ಸ್ ಚುಚ್ಚಿದ ಜಾಗದವರಿಗೆ ಫೋಟೋ ಕಳಿಸಿದ್ವಿ. ವಾಟ್ಸಾಪಲ್ಲಿ ಬಂದ ಉತ್ತರ ಇದ್ದ ಹಾಗೇ ಹಾಕ್ತಿದ್ದೀನಿ.

"ಗುಡ್ ಮಾರ್ನಿಂಗ್ ಮೇಡಂ. ಸ್ವಲ್ಪ ಊತ ಅಷ್ಟೆ. ಐಸ್ ಇಡಿ."

ಊತ ಅಲ್ಲ, ರೆಪ್ಪೆ ಕಣ್ಣಿನ ಪಾಪೆ ಮೇಲೆ ಬಂದಿದೆ ಅಂತ ಬರೆದೆ. "ನಿಮ್ಮ ಅಕ್ಕನ ಬಾಡಿ ಟೈಪ್ ಹಾಗೆ. ಬೇರೆ ಯಾರಿಗೂ ಆಗಿಲ್ಲ." ಮಧ್ಯಾಹ್ನ ಇನ್ನೊಂದು: "ಅವರೇ ಮನೆಗೆ ಹೋಗಿ ಕಣ್ಣು ಉಜ್ಜಿರಬೇಕು." ಉಜ್ಜಿದ್ದು ನಿಮ್ಮ ಹುಡುಗಿ, ನಿಮ್ಮದೇ ಬೆಡ್ ಮೇಲೆ, ಇಪ್ಪತ್ತು ನಿಮಿಷ! ಇಷ್ಟಾದ ಮೇಲೆ ಬ್ರ್ಯಾಂಡ್ ಮತ್ತು ಬ್ಯಾಚ್ ನಂಬರ್ ಕೊಡಿ ಅಂದೆ. ಉತ್ತರ: "ಅದು ಕಂಪನಿ ಕಾನ್ಫಿಡೆನ್ಶಿಯಲ್ ಮೇಡಂ."

ಬ್ಯಾಚ್ ನಂಬರ್ ಗುಟ್ಟಂತೆ! ಎರಡು ರೂಪಾಯಿ ಜ್ವರದ ಮಾತ್ರೆ ಹಾಳೆ ಹಿಂದೆ ಬ್ಯಾಚ್ ಅಚ್ಚಾಗಿರುತ್ತೆ. ಮುಖಕ್ಕೆ ಚುಚ್ಚಿದ ವಿಷದ ಬ್ಯಾಚ್ ಮಾತ್ರ ಗುಟ್ಟು. ಕೊಡೋಕೆ ಬ್ಯಾಚ್ ಇತ್ತೋ ಇಲ್ಲವೋ ಅನ್ನೋದೇ ನನ್ನ ಅನುಮಾನ. ಅಮೆರಿಕದಲ್ಲೇ 2024ರ ಏಪ್ರಿಲ್ ಹೊತ್ತಿಗೆ ನಕಲಿ ಅಥವಾ ಸರಿಯಾಗಿ ಇಡದ ಬೊಟುಲಿನಮ್ ಇಂಜೆಕ್ಷನ್‌ನಿಂದ 11 ರಾಜ್ಯಗಳ 22 ಜನಕ್ಕೆ ತೊಂದರೆ ಆಗಿತ್ತು, ಕೆಲವರು ಆಸ್ಪತ್ರೆ ಸೇರಿದ್ರು. ಅವರಲ್ಲೂ ಹಲವರು ಚುಚ್ಚಿಸ್ಕೊಂಡಿದ್ದು ಮನೆಗಳಲ್ಲಿ, ಸ್ಪಾಗಳಲ್ಲಿ.

ಕೊನೆಗೆ ರಾತ್ರಿ ಒಂದು ದೊಡ್ಡ ಮನಸ್ಸಿನ ಮೆಸೇಜು: "ನಾಳೆ ಬನ್ನಿ, ಫ್ರೀ ಆಗಿ ಹುಬ್ಬಿನ ಕೆಳಗೆ ಫಿಲ್ಲರ್ ಹಾಕಿ ಕೊಡ್ತೀವಿ, ರೆಪ್ಪೆ ಎದ್ದು ನಿಲ್ಲುತ್ತೆ."

ಇದನ್ನ ಓದಿ ಕೈ ನಡುಗ್ತು. ಅಕ್ಕ ಹೊರಟೇ ಬಿಟ್ಟಿದ್ಲು, ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳಿದ್ಲು. ಸ್ನಾಯು ಸತ್ತ ಹಾಗೆ ಮಲಗಿರೋವಾಗ ಫಿಲ್ಲರ್ ಹಾಕಿದ್ರೆ ರೆಪ್ಪೆ ಏಳಲ್ಲ, ಭಾರ ಜಾಸ್ತಿಯಾಗುತ್ತೆ. ಅದಕ್ಕಿಂತ ಹೆದರಿಕೆ ಬೇರೆ ಇದೆ. ಫಿಲ್ಲರ್ ಅಂದ್ರೆ ಗಟ್ಟಿ ಜೆಲ್, ಸಾಮಾನ್ಯವಾಗಿ ಹೈಲುರಾನಿಕ್ ಆಸಿಡ್. ಹುಬ್ಬಿನ ನಡುವೆ, ಮೂಗಿನ ಮೇಲೆ, ಮೂಗಿನ ಪಕ್ಕದ ಮಡಿಕೆಯಲ್ಲಿ ಓಡೋ ರಕ್ತನಾಳಗಳಿಗೆ ಕಣ್ಣಿನ ನಾಳಗಳ ಜೊತೆ ಸಂಪರ್ಕ ಇದೆ. ಜೆಲ್ ನಾಳದೊಳಗೆ ಹೋದ್ರೆ ಚರ್ಮ ಬೆಳ್ಳಗಾಗುತ್ತೆ, ಆಮೇಲೆ ಬಲೆ ಥರ ನೀಲಿ ಗೆರೆ ಮೂಡುತ್ತೆ, ತಡೆಯಲಾರದ ನೋವು. ಹಿಂದಕ್ಕೆ ತಳ್ಳಿಕೊಂಡು ಕಣ್ಣಿನ ನಾಳ ಸೇರಿದ್ರೆ ದೃಷ್ಟಿ ಹೋಗುತ್ತೆ. ಉಳಿಸ್ಕೊಳ್ಳೋಕೆ ಸಿಗೋದು ಒಂದು, ಒಂದೂವರೆ ಗಂಟೆ, ಅದೂ ಖಾತ್ರಿ ಇಲ್ಲ. ಜೆಲ್ ಕರಗಿಸೋಕೆ ಹೈಲುರೊನಿಡೇಸ್ ಅನ್ನೋ ಇಂಜೆಕ್ಷನ್ ಇದೆ, ಅದು ಕ್ಲಿನಿಕ್ಕಲ್ಲೇ ಕೈಗೆ ಸಿಗೋ ಹಾಗಿರಬೇಕು. ಫಿಲ್ಲರ್ ಹಾಕಿಸೋರು ಮೊದಲು ಅದನ್ನ ತೋರಿಸಿ ಅನ್ನಿ. ಅದು ಏನು ಅಂತ ಅವರೇ ನಿಮ್ಮನ್ನ ಕೇಳಿದ್ರೆ ಚಪ್ಪಲಿ ಹಾಕ್ಕೊಂಡು ಬನ್ನಿ. ಸಿಲಿಕೋನ್ ಥರದ ಶಾಶ್ವತ ಫಿಲ್ಲರ್ ಅಂತೂ ಯಾವುದಕ್ಕೂ ಕರಗಲ್ಲ. ಸೂಜಿ ಇಲ್ಲದ "ಹೈಲುರಾನ್ ಪೆನ್" ಅಂತ ಪಾರ್ಲರ್‌ಗಳಲ್ಲಿ ತೋರಿಸ್ತಾರಲ್ಲ, ಅದನ್ನ ಬಳಸಬೇಡಿ ಅಂತ ಎಫ್‌ಡಿಎ 2021ರಲ್ಲೇ ಎಚ್ಚರಿಸಿದೆ.

ಅಕ್ಕನನ್ನ ಬಸ್ಸು ಹತ್ತಿಸಿದ್ದು ಮೈಸೂರಿನ ಕೆ.ಆರ್. ಆಸ್ಪತ್ರೆಗೆ. ಮಂಡ್ಯದವರಿಗೆ ಮಿಮ್ಸ್ ಸರ್ಕಾರಿ ಆಸ್ಪತ್ರೆ ಕೂಡ ಇದೆ. ಕಣ್ಣಿನ ಡಾಕ್ಟರು ನೋಡಿದ ಕೂಡಲೇ ಹೇಳಿದ್ರು: ಬೋಟಾಕ್ಸ್ ಹರಡಿದೆ, ಫಿಲ್ಲರ್ ಥರ ಇದನ್ನ ಕರಗಿಸೋ ಔಷಧಿ ಇಲ್ಲ, ಕಾಯಬೇಕು. ಕಣ್ಣಿಗೆ ಹಾಕೋ ಒಂದು ಹನಿ ಕೊಟ್ರು, ಅದು ರೆಪ್ಪೆಯ ಇನ್ನೊಂದು ಚಿಕ್ಕ ಸ್ನಾಯುವನ್ನ ಎಚ್ಚರಿಸಿ ಒಂದೆರಡು ಮಿ.ಮೀ. ಎತ್ತುತ್ತೆ. ಧಾರೆ ಹೊತ್ತಿಗೆ ಅಷ್ಟೇ ಆಸರೆ. ನುಂಗೋಕೆ ಕಷ್ಟ, ಉಸಿರು ಕಷ್ಟ, ಮಾತು ತೊದಲೋದು, ಎರಡೆರಡಾಗಿ ಕಾಣೋದು, ಇವುಗಳಲ್ಲಿ ಒಂದಿದ್ರೂ ಕಾಯದೆ ಎಮರ್ಜೆನ್ಸಿಗೆ ಓಡಿ ಅಂದ್ರು. ಗರ್ಭಿಣಿಯರು, ಹಾಲೂಡಿಸೋರು, ಮಯಸ್ಥೇನಿಯಾ ಥರದ ನರ-ಸ್ನಾಯು ಕಾಯಿಲೆ ಇರೋರು ಇದರ ತಂಟೆಗೇ ಹೋಗಬಾರದು. ಅಕ್ಕನಿಗೆ ಆ ಜಾಗದಲ್ಲಿ ಇದ್ಯಾವುದನ್ನೂ ಕೇಳೇ ಇಲ್ಲ. ಶುಗರ್ ಇದೆಯಾ ಅಂತಲೂ ಕೇಳಿಲ್ಲ!

ಯಾರ ಹತ್ತಿರ ಹೋಗಬೇಕು? ಎಂಡಿ ಅಥವಾ ಡಿಪ್ಲೊಮಾ ಮಾಡಿದ ಚರ್ಮರೋಗ ತಜ್ಞರು, ಇಲ್ಲ ಪ್ಲಾಸ್ಟಿಕ್ ಸರ್ಜನ್. "ಕಾಸ್ಮೆಟಾಲಜಿಸ್ಟ್" ಸರ್ಟಿಫಿಕೇಟಿಗೆ ಮರುಳಾಗಬೇಡಿ. ವರ್ಕ್‌ಶಾಪಲ್ಲಿ, ಯೂಟ್ಯೂಬಲ್ಲಿ ನೋಡಿ ಕಲಿತದ್ದು ಇಂಥ ಸೌಂದರ್ಯ ಚಿಕಿತ್ಸೆಗೆ ತರಬೇತಿ ಅನ್ನಿಸಿಕೊಳ್ಳಲ್ಲ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಖಾಸಗಿ ಆಸ್ಪತ್ರೆ, ಕ್ಲಿನಿಕ್‌ಗಳಿಗೆ ಸರ್ಕಾರ ಕೊಡೋ ಕೆಪಿಎಂಇ ನೋಂದಣಿ ಪತ್ರ ಗೋಡೆ ಮೇಲೆ ಇದೆಯಾ ನೋಡಿ. ರಕ್ತ ತೆಗೆದು ಮುಖಕ್ಕೆ ಚುಚ್ಚೋ "ವ್ಯಾಂಪೈರ್ ಫೇಶಿಯಲ್" ಲೈಸೆನ್ಸ್ ಇಲ್ಲದ ಕಡೆ ಮಾಡಿಸಿ ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಹೆಂಗಸರಿಗೆ ಎಚ್‌ಐವಿ ಅಂಟಿದೆ, ಅದನ್ನೂ ಮರೀಬೇಡಿ.

ದುಡ್ಡು ವಾಪಸ್ ಕೇಳಿದ್ದಕ್ಕೆ "ನಾನ್ ರಿಫಂಡಬಲ್ ಅಂತ ಫಾರ್ಮಲ್ಲಿದೆ, ಸಹಿ ನಿಮ್ಮದೇ" ಅಂದ್ರು. ಸಹಿ ಹಾಕಿದ ಮಾತ್ರಕ್ಕೆ ನಿರ್ಲಕ್ಷ್ಯ ಮಾಫಿ ಆಗಲ್ಲ. ಬಿಲ್ಲು, ಪಾವತಿ ಮೆಸೇಜು, ದಿನಾಂಕ ಇರೋ ಫೋಟೋ, ವಾಟ್ಸಾಪ್ ಮಾತು, ಸರ್ಕಾರಿ ಆಸ್ಪತ್ರೆ ಚೀಟಿ, ಎಲ್ಲ ಜೋಡಿಸಿ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ದೂರು ಕೊಟ್ಟಿದ್ದೀವಿ. ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗ್ತಿದ್ದೀವಿ. 2 ವರ್ಷದೊಳಗೆ ಹಾಕಬೇಕು, ಕೊಟ್ಟ ಹಣ 5 ಲಕ್ಷದವರೆಗಿದ್ರೆ ಶುಲ್ಕ ಇಲ್ಲ. ಸಹಾಯವಾಣಿ 1915.

ಇವತ್ತಿಗೆ ಏಳನೇ ವಾರ. ರೆಪ್ಪೆ ಅರ್ಧ ಎದ್ದಿದೆ. ಮದುವೆ ಆಲ್ಬಮ್ ಮನೆಗೆ ಬಂದು ಹತ್ತು ದಿನ ಆಯ್ತು, ಅಕ್ಕ ಇನ್ನೂ ಕವರ್ ಬಿಚ್ಚಿಲ್ಲ. ಬ್ಯಾಚ್ ನಂಬರ್ ಕೊಡಿ ಅಂತ ನಿನ್ನೆ ಮತ್ತೆ ಕೇಳಿದೆ. ಎರಡು ನೀಲಿ ಗೆರೆ ಬಂದಿದೆ, ಉತ್ತರ ಬಂದಿಲ್ಲ.