ಹೆಸರುಳ್ಳ ಕಾರು, ಹೆದರಿ ಸಾಕಿದ ಕಾರು

ನಮ್ಮ ಮನೆ ಉಡುಪಿಯ ಕೊಡವೂರಿನಲ್ಲಿದೆ. ಮಲ್ಪೆಯ ಕಡಲು ದೂರವಿಲ್ಲ. ಆಷಾಢದ ರಾತ್ರಿಗಳಲ್ಲಿ ಅದರ ಮೊರೆತ ಚಾವಡಿಗೆ ಕೇಳಿಸುತ್ತದೆ. ಕಿಟಕಿಯ ಸರಳು, ಗೇಟಿನ ಕೀಲು, ಬಾವಿಯ ರಾಟೆ ಯಾವುದನ್ನೂ ಇಲ್ಲಿನ ಉಪ್ಪುಗಾಳಿ ಬಿಟ್ಟಿಲ್ಲ. ಇದೇ ಅಂಗಳದಲ್ಲಿ 2006ರಿಂದ ಈಚೆಗೆ ಎರಡು ಕಾರುಗಳನ್ನು ಸಾಕಿದ್ದೇನೆ. ಮೊದಲನೆಯದು ಊರೆಲ್ಲ ಹೊಗಳುವ ಕಂಪನಿಯ ಪೆಟ್ರೋಲ್ ಕಾರು, ಹೊಸದಾಗಿಯೇ ಕೊಂಡದ್ದು. ಎರಡನೆಯದು ಕೇಳಿದವರೆಲ್ಲ ಬೇಡವೆಂದ ಕಂಪನಿಯ ಡೀಸೆಲ್ ಕಾರು, ಸೆಕೆಂಡ್ ಹ್ಯಾಂಡ್. ಮೊದಲನೆಯದು ಎಂಟೇ ವರ್ಷಕ್ಕೆ ಕೈಕೊಟ್ಟಿತು. ಎರಡನೆಯದು ಇವತ್ತು ಬೆಳಿಗ್ಗೆಯೂ ನನ್ನನ್ನು ಹೆಬ್ರಿಯ ಶಾಲೆಗೆ ಮುಟ್ಟಿಸಿತು.

ಮೊದಲ ಕಾರು ಮನೆಗೆ ಬಂದಾಗ ಎಲ್ಲರ ಬಾಯಲ್ಲೂ ಒಂದೇ ಮಾತು: “ಮಾಸ್ಟ್ರೇ, ಈ ಕಂಪನಿಯ ಗಾಡಿಗೆ ಏನೂ ಮಾಡಬೇಕಾಗಿಲ್ಲ. ಪೆಟ್ರೋಲ್ ಹಾಕಿ ಓಡಿಸಿದರಾಯಿತು.” ನಾನು ಅದನ್ನು ಪೂರ್ತಿ ನಂಬಿದೆ. ಪುಕ್ಕಟೆ ಸರ್ವೀಸುಗಳು ಮುಗಿದ ಮೇಲೆ ಶೋರೂಮಿನ ಕಡೆ ಹೋಗಲೇ ಇಲ್ಲ. ಹತ್ತು ಸಾವಿರ ಕಿಲೋಮೀಟರಿಗೆ ಬದಲಿಸಬೇಕಾದ ಇಂಜಿನ್ ಆಯಿಲ್ ಇಪ್ಪತ್ತು ಸಾವಿರ ದಾಟುತ್ತಿತ್ತು. ಇಂಜಿನ್ನನ್ನು ತಣ್ಣಗಿಡುವ ದ್ರವ, ಅಂದರೆ ಕೂಲೆಂಟ್, ಇಳಿದಾಗ ಬಾವಿಯಿಂದ ಒಂದು ಚೆಂಬು ನೀರು ತಂದು ಸುರಿಯುತ್ತಿದ್ದೆ. ಆಯುಧ ಪೂಜೆಯ ದಿನ ತೊಳೆದು, ಸೇವಂತಿಗೆ ಮಾಲೆ ಹಾಕಿ, ಚಕ್ರದಡಿಗೆ ನಿಂಬೆಹಣ್ಣು ಇಡುತ್ತಿದ್ದೆ. ಬಾನೆಟ್ ಮಾತ್ರ ತೆರೆಯುತ್ತಿರಲಿಲ್ಲ. ಏಳು ವರ್ಷ ಏನೂ ಆಗಲಿಲ್ಲ. ಏನೂ ಆಗಲಿಲ್ಲವೆಂಬುದೇ ನನ್ನ ನಂಬಿಕೆಗೆ ಸಾಕ್ಷಿಯಾಗಿಬಿಟ್ಟಿತು.

2014ರ ಮೇ ತಿಂಗಳಲ್ಲಿ ಹೆಂಡತಿಯ ತವರಾದ ತೀರ್ಥಹಳ್ಳಿಗೆ ಹೊರಟಿದ್ದೆವು. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಅರ್ಧ ಹತ್ತಿದ್ದೇವೋ ಇಲ್ಲವೋ, ಬಿಸಿಯ ಮುಳ್ಳು ಕೆಂಪು ಗೆರೆ ಮುಟ್ಟಿತು. ಮುಂದಿನ ತಿರುವಿನಲ್ಲಿ ಹಿಂದೆ ಬಸ್ಸು, ಮುಂದೆ ಹಬೆ. ಉಡುಪಿಯ ಮೆಕ್ಯಾನಿಕ್ ಇಂಜಿನ್ ಬಿಚ್ಚಿ, ನೀರು ಹರಿಯುವ ದಾರಿಯಲ್ಲಿ ಬೆರಳಾಡಿಸಿ, ಬೆರಳನ್ನು ನನ್ನ ಮುಂದೆ ಹಿಡಿದ. ಕೆಂಪು ಕೆಸರು. ಬಾವಿಯ ನೀರಿನ ಲವಣಗಳು ಬಿಸಿಗೆ ಹರಳುಗಟ್ಟಿ ರೇಡಿಯೇಟರಿನ ಸಣ್ಣ ಕೊಳವೆಗಳನ್ನು ಮುಚ್ಚಿದ್ದವು. ತುಕ್ಕು ತಡೆಯುವ ಅಂಶವಿಲ್ಲದ ನೀರು ಒಳಗಿನ ಲೋಹವನ್ನು ತಿಂದಿತ್ತು. ಇಂಜಿನ್ನಿನ ಮೇಲ್ಭಾಗವಾದ ಅಲ್ಯೂಮಿನಿಯಂ ಹೆಡ್ ಅತಿಯಾದ ಬಿಸಿಗೆ ಬಾಗಿ, ಅದರಡಿಯ ಗ್ಯಾಸ್ಕೆಟ್ ಹೋಗಿತ್ತು. ಓಡಿದ್ದು 88,000 ಕಿಲೋಮೀಟರ್ ಮಾತ್ರ. ಬಾಗಿಲುಗಳ ಕೆಳ ಅಂಚಿನಲ್ಲಿ ನೀರು ಹೊರಹೋಗುವ ತೂತುಗಳು ಕೆಂಪು ಮಣ್ಣಿನಿಂದ ಮುಚ್ಚಿ, ತಗಡು ಒಳಗಿನಿಂದಲೇ ಕೊಳೆತಿತ್ತು. ಇಂಜಿನ್ ಕೆಲಸ, ಟಿಂಕರಿಂಗ್ ಎರಡೂ ಸೇರಿ ಹೇಳಿದ ಮೊತ್ತ ಕೇಳಿ, ಇದ್ದ ಹಾಗೆಯೇ ಮಾರಿದೆ.

ಅದೇ ವರ್ಷ ಶಾಲೆ ಬ್ರಹ್ಮಾವರದಿಂದ ಹೆಬ್ರಿಗೆ ಬದಲಾಯಿತು. ದಿನಕ್ಕೆ ಎಪ್ಪತ್ತು ಕಿಲೋಮೀಟರಿನ ಓಡಾಟ, ಕೈಯಲ್ಲಿ ಹಣ ಕಡಿಮೆ. ಸಿಕ್ಕಿದ್ದು 2010ರ ಮಾಡೆಲ್, ಆಗಲೇ 62,000 ಓಡಿದ ಗಾಡಿ. “ಭಾವ, ಇದು ಎರಡು ವರ್ಷ ಓಡಿದರೆ ಹೆಚ್ಚು” ಎಂದ ಹೆಂಡತಿಯ ತಮ್ಮ. ಆ ಮಾತಿಗೆ ನಾನು ನಿಜಕ್ಕೂ ಹೆದರಿದೆ. ಹೆದರಿಕೆಯಲ್ಲೇ ಒಂದು ಇನ್ನೂರು ಪುಟದ ನೋಟ್‌ಬುಕ್ ತಂದು ಡ್ಯಾಶ್‌ಬೋರ್ಡಿನಲ್ಲಿಟ್ಟೆ.

ಇಂಜಿನ್ನಿನ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚಿಸುವ ಟೈಮಿಂಗ್ ಬೆಲ್ಟನ್ನು ಹಿಂದಿನ ಮಾಲೀಕ ಬದಲಿಸಿದ್ದಕ್ಕೆ ಯಾವ ದಾಖಲೆಯೂ ಇರಲಿಲ್ಲ. ಮೊದಲ ವಾರದಲ್ಲೇ ಅದನ್ನು ಬದಲಿಸಿದೆ. ಅದು ರಬ್ಬರಿನದು, ಓಡುವಾಗ ತುಂಡಾದರೆ ವಾಲ್ವುಗಳಿಗೆ ಪಿಸ್ಟನ್ ಬಡಿದು ಇಂಜಿನ್ ಒಳಗಿನಿಂದಲೇ ಮುರಿಯುತ್ತದೆ. ಆಯಿಲ್ ಎಂಟು ಸಾವಿರ ಕಿಲೋಮೀಟರಿಗೊಮ್ಮೆ. ಕೂಲೆಂಟ್ ಎರಡು ವರ್ಷಕ್ಕೊಮ್ಮೆ; ಬಾವಿಯ ಚೆಂಬು ಅದರ ಹತ್ತಿರ ಸುಳಿಯಲಿಲ್ಲ.

ಬ್ರೇಕ್ ಆಯಿಲ್ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ನಮ್ಮಲ್ಲಿ ಇದನ್ನು ಕೇಳುವವರೇ ಇಲ್ಲ. ಅದು ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ಡಾಟ್ 3 ದರ್ಜೆಯದು ಹೊಸದಿರುವಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ನೀರು ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಕರಾವಳಿಯ ಹವೆಯಲ್ಲಿ ತೇವಕ್ಕೇನು ಬರ? ಆಗುಂಬೆ ಇಳಿಯುವಾಗ ಬ್ರೇಕ್ ಒತ್ತಿಕೊಂಡೇ ಬಂದರೆ ಆ ದ್ರವ ಕುದಿದು ಆವಿಯಾಗಿ, ಪೆಡಲ್ ಪಾದದಡಿ ಟೊಳ್ಳಾಗುತ್ತದೆ. ಹಾಗಾಗಿ ಎರಡು ವರ್ಷಕ್ಕೊಮ್ಮೆ ತಪ್ಪದೆ ಬದಲಿಸುತ್ತೇನೆ, ಘಾಟಿಯನ್ನು ಎರಡನೇ ಗೇರಿನಲ್ಲಿಯೇ ಇಳಿಯುತ್ತೇನೆ.

ತಗಡಿನ ಆರೈಕೆಗೆ ಹಣಕ್ಕಿಂತ ಕೈ ಬೇಕು. ಮಳೆಗಾಲದ ಮುಂಚೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಪತ್ತನಾಜೆಗೆ ಮೊದಲು ಗಾಡಿಯನ್ನು ಎತ್ತಿಸಿ, ಅಡಿಭಾಗವನ್ನು ಸಿಹಿನೀರಿನಿಂದ ತೊಳೆಸಿ, ಒಣಗಿಸಿ, ತುಕ್ಕು ನಿರೋಧಕ ಹೊಡೆಸುತ್ತೇನೆ. ಬಾಗಿಲಿನ ತೂತುಗಳನ್ನು ತಿಂಗಳಿಗೊಮ್ಮೆ ಹಿಡಿಸೂಡಿಯ ಕಡ್ಡಿಯಿಂದ ಬಿಡಿಸುತ್ತೇನೆ. ಒಂದು ಕಡೆ ಸೌಪರ್ಣಿಕಾ, ಇನ್ನೊಂದು ಕಡೆ ಸಮುದ್ರವಿರುವ ಮರವಂತೆಯ ಹೆದ್ದಾರಿಯಲ್ಲಿ ಮಳೆಗಾಲದಲ್ಲಿ ಹೋಗಿಬಂದರೆ ಅಂದೇ ಸಂಜೆ ತೊಳೆಯುತ್ತೇನೆ. ಟಾರ್ಪಾಲು ಹೊದಿಸುವುದಿಲ್ಲ, ಅದು ಮಳೆಯನ್ನು ತಡೆದು ತೇವವನ್ನು ಒಳಗೇ ಹಿಡಿದಿಡುತ್ತದೆ. ನಾಲ್ಕೂ ಕಡೆ ಗಾಳಿಯಾಡುವ ಶೀಟಿನ ಮಾಡು ಸಾಕು.

ಈಗ ಮೀಟರಿನಲ್ಲಿ 2,31,000. ಹೆಡ್ ಒಮ್ಮೆಯೂ ಬಿಚ್ಚಿಲ್ಲ. ಹದಿನೈದು ವರ್ಷ ತುಂಬಿದ್ದರಿಂದ 2025ರಲ್ಲಿ ಆರ್‌ಟಿಒಗೆ ಒಯ್ದು ನೋಂದಣಿ ನವೀಕರಿಸಿದೆ. ಇನ್ನೂ ಐದು ವರ್ಷಗಳ ಅನುಮತಿ ಸಿಕ್ಕಿತು. ನೋಟ್‌ಬುಕ್ಕಿನ ಲೆಕ್ಕದಂತೆ ನಿರ್ವಹಣೆಗೆ ವರ್ಷಕ್ಕೆ ಸರಾಸರಿ 14,000 ರೂಪಾಯಿ ಹಿಡಿದಿದೆ.

ಹಾಗೆಂದು ಕಂಪನಿಯ ಹೆಸರು ಬರೀ ಪೊಳ್ಳು ಎನ್ನಲಾರೆ. ಮೊದಲ ಕಾರಿನ ಕಿಟಕಿ, ಸ್ವಿಚ್ಚು, ಎಸಿ ಎಂಟು ವರ್ಷದಲ್ಲಿ ಒಮ್ಮೆಯೂ ಕೆಡಲಿಲ್ಲ. ಎರಡನೆಯದರಲ್ಲಿ ಎರಡು ಕಿಟಕಿಗಳ ಮೋಟಾರು ಸುಟ್ಟವು, ನಡು ಜುಲೈಯಲ್ಲಿ ವೈಪರ್ ನಿಂತಿತು. ಅದರ ಬಿಡಿಭಾಗಕ್ಕೆ ಇಪ್ಪತ್ತಮೂರು ದಿನ ಕಾದು, ಅಷ್ಟೂ ದಿನ ಬಸ್ಸಿನಲ್ಲಿ ಶಾಲೆಗೆ ಹೋದೆ. ಮೊದಲ ಕಾರಿನ ಬಿಡಿಭಾಗವಾದರೆ ಉಡುಪಿಯ ಯಾವುದೇ ಅಂಗಡಿಯಲ್ಲಿ ಅದೇ ದಿನ ಸಿಗುತ್ತಿತ್ತು. ತಗಡಿಗೆ ತುಕ್ಕು ತಡೆಯುವ ಸತುವಿನ ಲೇಪ ಇದೆಯೋ ಇಲ್ಲವೋ ಎಂಬುದೂ ಕಾರ್ಖಾನೆಯಲ್ಲಿ ತೀರ್ಮಾನವಾಗುತ್ತದೆ. ಆಮೇಲೆ ಮಾಲೀಕ ಎಷ್ಟೇ ಮಾಡಿದರೂ ಅದನ್ನು ತರಲಾಗದು. ಕಡಲ ಬದಿಯಲ್ಲಿ ಹೊಸ ಕಾರು ಕೊಳ್ಳುವವರು ಮೈಲೇಜಿಗಿಂತ ಮೊದಲು ಇವೆರಡನ್ನು ಕೇಳಲಿ.

ಪೆಟ್ರೋಲಿಗೂ ಡೀಸೆಲಿಗೂ ಏನು ಹೋಲಿಕೆ ಎಂದರೆ ಆ ಆಕ್ಷೇಪ ನ್ಯಾಯವೇ. ಅದಕ್ಕೆ ಮೂಡುಬಿದಿರೆಯಲ್ಲಿರುವ ನನ್ನ ದೊಡ್ಡಮ್ಮನ ಮಗನ ಕಾರನ್ನು ತೋರಿಸುತ್ತೇನೆ. ನನ್ನ ಮೊದಲ ಕಾರಿನದೇ ಮಾಡೆಲ್, ಅದೇ ವರ್ಷದ್ದು. ಅಣ್ಣ ಸರ್ವೀಸ್ ಬುಕ್ ಹೇಳಿದಂತೆ ನಡೆದುಕೊಂಡ. ಅದು ಇನ್ನೂ ಓಡುತ್ತಿದೆ. ಅಲ್ಲಿ ಕಡಲಗಾಳಿ ಇಲ್ಲದ್ದರಿಂದ ತಗಡನ್ನು ಹೋಲಿಸಲಾರೆ, ಇಂಜಿನ್ನನ್ನು ಹೋಲಿಸಬಹುದು. ಇನ್ನೊಂದು ವಿಷಯ: ಫಿಯಾಟ್‌ನ 1.3 ಲೀಟರ್ ಮಲ್ಟಿಜೆಟ್ ಡೀಸೆಲ್ ಇಂಜಿನ್ ನಮ್ಮ ದೇಶದಲ್ಲಿ 2007ರಲ್ಲಿ ಮಾರುತಿ ಸ್ವಿಫ್ಟ್‌ನಲ್ಲಿ, 2008ರಲ್ಲಿ ಟಾಟಾ ಇಂಡಿಕಾ ವಿಸ್ಟಾದಲ್ಲಿ, 2009ರಲ್ಲಿ ಫಿಯಾಟ್ ಪುಂಟೊದಲ್ಲಿ ಬಂತು. ಮೂಲತಃ ಇಂಜಿನ್ ಒಂದೇ. ಆದರೂ ಆ ಮೂರು ಹೆಸರುಗಳ ಬಗ್ಗೆ ಜನರ ಮಾತು ಮೂರು ತೆರನಾಗಿತ್ತು. ಆಯಿಲ್ ಬದಲಿಸದಿದ್ದರೆ ಮುಂದಿನ ಲಾಂಛನ ನೋಡಿ ಅದರಲ್ಲಿ ಬೆಲ್ಟಿನ ಬದಲಿಗಿರುವ ಟೈಮಿಂಗ್ ಚೈನ್ ಸವೆಯುವುದನ್ನು ಬಿಡುತ್ತದೆಯೇ?

ಹೆಸರು ಕೆಲಸ ಮಾಡಿದ್ದು ಇಂಜಿನ್ನಿನ ಮೇಲಲ್ಲ, ನನ್ನ ಮೇಲೆ. ಒಳ್ಳೆಯ ಹೆಸರು ನನ್ನನ್ನು ಮಲಗಿಸಿತು, ಕೆಟ್ಟ ಹೆಸರು ಎಚ್ಚರವಾಗಿಟ್ಟಿತು.

ಕಳೆದ ಭಾನುವಾರ ಕಡ್ಡಿ ಹಿಡಿದು ಕುಳಿತಿದ್ದಾಗ ಎಡ ಹಿಂಬಾಗಿಲಿನ ಕೆಳಗೆ ಬಣ್ಣ ಎದ್ದದ್ದು ಕಣ್ಣಿಗೆ ಬಿತ್ತು, ನಾಲ್ಕಾಣೆಯಷ್ಟು ಅಗಲ. ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಟಿಂಕರಿಂಗಿನವರಿಗೆ ಫೋನ್ ಮಾಡಿದ್ದೇನೆ. ಶನಿವಾರ ಶಾಲೆ ಬಿಟ್ಟು ನೇರವಾಗಿ ಬರಲು ಹೇಳಿದ್ದಾರೆ.